ಲ್ಯಾಟಿನ್ ಪ್ರಾರ್ಥನೆಯ ನಡುವೆ ಇಂಗ್ಲಿಷ್ ಕವಿತೆ ಯಾಕೆ?

ಇಂಗ್ಲಿಷ್ ಸಂಗೀತ ಸಂಯೋಜಕ ಬೆಂಜಮಿನ್ ಬ್ರಿಟನ್ ಅವರ 'ವಾರ್ ರಿಕ್ವಿಯಂ'ನಲ್ಲಿ, ಸತ್ತವರಿಗಾಗಿ ಚರ್ಚಿನಲ್ಲಿ ಹಾಡುವ ಲ್ಯಾಟಿನ್ ಪ್ರಾರ್ಥನೆಯ ಮಧ್ಯೆ ಇಂಗ್ಲಿಷ್ ಕವಿತೆ ಬಂದು ಗೊಂದಲ ಆಗುತ್ತದೆ ಅಂದಿದ್ದೀರಿ. ಆ ತಿಕ್ಕಾಟ ಬೇಕಂತಲೇ ಇಟ್ಟಿದ್ದು.

ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಹಾಳಾದ ಇಂಗ್ಲೆಂಡಿನ ಕವೆಂಟ್ರಿ ಕೆಥೆಡ್ರಲ್ (ದೊಡ್ಡ ಚರ್ಚ್) ಪಕ್ಕದಲ್ಲೇ ಹೊಸದು ಕಟ್ಟಿದರಲ್ಲ, 1962ರಲ್ಲಿ ಅದರ ಉದ್ಘಾಟನೆಗೆ ಬರೆದ ಕೃತಿ ಇದು. ಕವಿತೆಗಳು ವಿಲ್‌ಫ್ರೆಡ್ ಓವೆನ್ ಅವರವು. ಮೊದಲ ಮಹಾಯುದ್ಧ ನಿಲ್ಲಲು ಒಂದೇ ವಾರ ಇದ್ದಾಗ ಸತ್ತ ಸೈನಿಕ ಆತ.

ಯಾರು ಏನು ಹಾಡುತ್ತಾರೆ ನೋಡಿ, ಅರ್ಧ ಗೊಂದಲ ಹೋಗುತ್ತದೆ. ಲ್ಯಾಟಿನ್ ಬಹುತೇಕ ಪೂರ್ತಿ ದೊಡ್ಡ ಕೋರಸ್ (ಗುಂಪು ಗಾಯಕರು), ಸೊಪ್ರಾನೋ (ಏರುದನಿಯ ಗಾಯಕಿ) ಮತ್ತು ಹುಡುಗರ ತಂಡದ್ದು. ಕವಿತೆ ಹಾಡುವವರು ಟೆನರ್ (ಏರುದನಿಯ ಗಾಯಕ) ಮತ್ತು ಬ್ಯಾರಿಟೋನ್ (ಅದಕ್ಕಿಂತ ತಗ್ಗುದನಿಯ ಗಾಯಕ). ಅವರ ಜೊತೆ ಚಿಕ್ಕ ವಾದ್ಯವೃಂದ ಬೇರೆಯೇ ಇದೆ.

ಪ್ರಾರ್ಥನೆಯಲ್ಲಿ ಕಾಣಿಕೆ ಅರ್ಪಿಸುವ 'ಆಫರ್ಟೋರಿಯಂ' ಭಾಗವನ್ನೇ ಮೊದಲು ಕೇಳಿ. ಅಬ್ರಹಾಮನಿಗೂ ಅವನ ಸಂತತಿಗೂ ದೇವರು ಕೊಟ್ಟ ಮಾತನ್ನು ಕೋರಸ್ ನೆನಪಿಸುತ್ತದೆ. ಆಮೇಲೆ ಓವೆನ್ ಕವಿತೆ, ದೇವರ ಮಾತಿನಂತೆ ಅಬ್ರಹಾಮ ಮಗನನ್ನು ಬಲಿ ಕೊಡಲು ಹೊರಟ ಬೈಬಲ್ ಕಥೆಯ ಮೇಲೆ. ಬೈಬಲಿನಲ್ಲಿ ಮಗ ಉಳಿಯುತ್ತಾನೆ, ಅಲ್ವಾ? ಇಲ್ಲಿ ದೇವದೂತ ತಡೆದರೂ ಮುದುಕ ಅಬ್ರಹಾಮ ಕೇಳುವುದಿಲ್ಲ. ಮಗನನ್ನು ಕೊಲ್ಲುತ್ತಾನೆ, ಜೊತೆಗೆ ಯುರೋಪಿನ ಅರ್ಧ ಪೀಳಿಗೆಯನ್ನೂ. ಆಗಲೇ ಹುಡುಗರು ದೂರದಿಂದ ಬಲಿ ಅರ್ಪಿಸುವ ಪ್ರಾರ್ಥನೆ ಹಾಡುತ್ತಾರೆ. ನನಗಂತೂ ಇಡೀ ಕೃತಿಯಲ್ಲಿ ಇದಕ್ಕಿಂತ ಕ್ರೂರ ಜಾಗ ಇಲ್ಲ.

ಸಾಹಿತ್ಯ ಕೈಯಲ್ಲಿ ಹಿಡಿದು ಕೇಳಿ. ಸುಮ್ನೆ ಹಿನ್ನೆಲೆಗೆ ಹಾಕಿಕೊಂಡರೆ ಇದು ದಕ್ಕುವುದಿಲ್ಲ.