ದೀಪ ದೀಪವಾಗಿಯೇ ಇರಲಿ

ಓದುಗರೊಬ್ಬರು ಮೂರು ಹಾಳೆಯ ಪತ್ರ ಬರೆದಿದ್ದಾರೆ. ಅಮೆರಿಕದ ‘ದೆ ಮೈಟ್ ಬಿ ಜೈಂಟ್ಸ್’ ರಾಕ್ ತಂಡದ ‘ಬರ್ಡ್‌ಹೌಸ್ ಇನ್ ಯುವರ್ ಸೋಲ್’ ಹಾಡಿನ ನೀಲಿ ಹಕ್ಕಿ ಜೀವಾತ್ಮ, ಗೂಡು ದೇಹ, ಸ್ವಿಚ್ಚು ಗುರುಕೃಪೆ ಎಂಬುದು ಅವರ ಶೋಧ. “ಈ ಗೂಢಾರ್ಥ ತಮಗೂ ಹೊಳೆದಿತ್ತೇ?” ಎಂದು ಕೊನೆಗೆ ಕೇಳಿದ್ದಾರೆ.

ಇಲ್ಲ ಸ್ವಾಮಿ, ಹೊಳೆದಿರಲಿಲ್ಲ. ಸ್ವಿಚ್ಚಿಗೆ ಗುರುಕೃಪೆಯನ್ನು ಹೊಂದಿಸಿದ ನಿಮ್ಮ ಜಾಣ್ಮೆಗೆ ಒಂದು ನಮಸ್ಕಾರ. ಆದರೆ ನಾವು ಹಕ್ಕಿ ಕಂಡರೆ ಸಾಕು, ಅದನ್ನು ಆತ್ಮ ಮಾಡಿ ಹಾರಿಸಿಬಿಡುತ್ತೇವೆ. ಆ ಚಟ ನನಗೂ ಇತ್ತು.

ಹಾಡನ್ನೇ ಕೇಳಿ. ಹಾಡುತ್ತಿರುವುದು ಪ್ಲಗ್ಗಿಗೆ ಸಿಕ್ಕಿಸಿದ, ಕೆನರಿ ಹಕ್ಕಿಯಂಥ ಒಂದು ನೀಲಿ ನೈಟ್ ಲ್ಯಾಂಪು. ಎದುರಿಗೆ ತನ್ನ ಪೂರ್ವಜರ ಚಿತ್ರವಿದೆ ಎನ್ನುತ್ತದೆ. ಯಾರು ಆ ಪೂರ್ವಜರು? ಬಂಡೆಗಲ್ಲಿನ ದಡದಲ್ಲಿ ನಿಂತು ಹಡಗುಗಳನ್ನು ಕಾಪಾಡಿದ ದೀಪಸ್ತಂಭ! ಆ ಕೆಲಸದ ಮೇಲೆ ಅದಕ್ಕೆ ಬಹಳ ಗೌರವವಂತೆ. ಆದರೆ ತನಗೇ ವಹಿಸಿದ್ದರೆ ಗ್ರೀಕ್ ಪುರಾಣದ ಜೇಸನ್‌ನನ್ನೂ ಅವನ ಸಂಗಡಿಗರನ್ನೂ ನೀರುಪಾಲು ಮಾಡಿ ಕೆಲಸ ಕಳೆದುಕೊಳ್ಳುತ್ತಿದ್ದೆ ಎಂದು ಒಪ್ಪಿಕೊಳ್ಳುತ್ತದೆ. ದೀಪಸ್ತಂಭದ ವಂಶದಲ್ಲಿ ಹುಟ್ಟಿ ಗೋಡೆಯ ಮೂಲೆ ಸೇರಿದ ಪುಟ್ಟ ದೀಪದ ಈ ಬಡಾಯಿ, ಈ ಸಂಕೋಚ, ಇಷ್ಟೆಲ್ಲ ಕಿವಿಗೆ ಬೀಳುತ್ತಿರುವಾಗ ಜೀವಾತ್ಮನ ಬೆನ್ನು ಹತ್ತುವ ಗರಜೇನು?

1990ರಲ್ಲಿ ‘ಫ್ಲಡ್’ ಆಲ್ಬಮ್‌ನಲ್ಲಿ ಬಂದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಆರನೆಯ ಸ್ಥಾನಕ್ಕೇರಿದ ಹಾಡು ಇದು. ರಾಗ ವರ್ಷಗಳ ಮೊದಲೇ ಹುಟ್ಟಿತ್ತು, ಮಾತನ್ನು ಆಮೇಲೆ ಅದರೊಳಗೆ ತುರುಕಬೇಕಾಯಿತು ಎಂದು ಹಾಡು ಬರೆದ ಜಾನ್ ಲಿನೆಲ್ ಅವರೇ ಹೇಳಿದ್ದಾರೆ. ಸಾಲುಗಳು ಅಷ್ಟು ವಕ್ರವಾಗಿರುವುದಕ್ಕೆ ಅದೂ ಒಂದು ಕಾರಣ. ಮಾತ್ರೆ ತುಂಬಲು ಬಂದು ಕೂತ ಪದದಲ್ಲಿ ಉಪನಿಷತ್ತು ಹುಡುಕುವವರು ಇದನ್ನು ಸ್ವಲ್ಪ ಗಮನಿಸಬೇಕು.

ಬೀಗದಕೈ ಇರುವ ಹಾಡುಗಳೂ ಇವೆ, ಒಪ್ಪಿದೆ. ಆರ್.ಇ.ಎಂ. ತಂಡದ 1994ರ ‘ವಾಟ್ಸ್ ದ ಫ್ರೀಕ್ವೆನ್ಸಿ, ಕೆನೆತ್?’ ಅಂಥದ್ದು. 1986ರಲ್ಲಿ ನ್ಯೂಯಾರ್ಕಿನಲ್ಲಿ ಟಿವಿ ವಾರ್ತೆಯ ಡ್ಯಾನ್ ರ್ಯಾದರ್ ಅವರನ್ನು ಥಳಿಸಿದವನು ಕೇಳಿದ ಪ್ರಶ್ನೆಯಿಂದ ಬಂದ ಹೆಸರು. ಇದು ಗೊತ್ತಾದ ಮೇಲೆ ಶೀರ್ಷಿಕೆ ತಿಳಿಯಿತು. ಹಾಡು ಮಾತ್ರ ಇದ್ದಲ್ಲೇ ಇದೆ.

“ನಮ್ಮ ಬೆಡಗಿನ ವಚನಗಳಿಗೆ ಒಳಾರ್ಥ ಇಲ್ಲವೇ?” ಎಂದು ಚುಚ್ಚಿದ್ದೀರಿ. ಇದೆಯಪ್ಪಾ. ಅಲ್ಲಿ ಒಂದು ಸಾಧನೆಯ ದಾರಿಯಿತ್ತು, ಪರಿಭಾಷೆಯಿತ್ತು, ಟೀಕು ಬರೆದವರಿದ್ದರು. ನಿಮ್ಮ ಪ್ಲಗ್ಗಿನ ಹಕ್ಕಿಗೆ ಇದ್ಯಾವುದೂ ಇಲ್ಲ, ಪಾಪ.

ಜಾನ್ ಲೆನನ್ ಕಥೆ ಕೇಳಿದ್ದೀರೋ ಇಲ್ಲವೋ. ತಾನು ಓದಿದ್ದ ಶಾಲೆಯಲ್ಲಿ ಈಗ ಬೀಟಲ್ಸ್ ಹಾಡುಗಳ ಅರ್ಥ ಬಿಡಿಸುವ ಪಾಠ ನಡೆಯುತ್ತಿದೆಯೆಂದು ಹುಡುಗನೊಬ್ಬ ಅವರಿಗೆ ಕಾಗದ ಹಾಕಿದ. ಲೆನನ್‌ಗೆ ತಮಾಷೆ ಎನಿಸಿತು. ತಗೊಳ್ಳಿ, ಇದನ್ನು ಬಿಡಿಸಿ ಎಂಬಂತೆ 1967ರಲ್ಲಿ ‘ಐ ಆ್ಯಮ್ ದ ವಾಲ್ರಸ್’ಗೆ ತಲೆಬುಡವಿಲ್ಲದ ಸಾಲುಗಳನ್ನು ಸುರಿದರು. ಜನ ಇವತ್ತಿಗೂ ಬಿಡಿಸುತ್ತಲೇ ಇದ್ದಾರೆ.

ತಪ್ಪು ನಿಮ್ಮೊಬ್ಬರದಲ್ಲ. ‘ಕವಿಯ ಆಶಯವೇನು? ಐದು ಅಂಕ’ ಎಂದು ಕೇಳಿ ಕೇಳಿಯೇ ನಮ್ಮನ್ನು ಬೆಳೆಸಿದರು. ಪದ್ಯದ ಮಳೆ ಎಂದರೆ ಮಳೆಯೇ ಎಂದು ಬರೆದು ನಾನೊಮ್ಮೆ ಸೊನ್ನೆ ತೆಗೆದುಕೊಂಡಿದ್ದೇನೆ. ಆ ಪರೀಕ್ಷೆ ಪಾಸಾದವರೆಲ್ಲ ಈಗ ನಮ್ಮ ಪತ್ರಿಕೆಗೆ ಕವಿತೆ ಕಳಿಸುತ್ತಾರೆ, ಜೊತೆಗೆ ಅರ್ಥವನ್ನೂ ಪಿನ್ನು ಹೊಡೆದು. ಮೊನ್ನೆ ಹನ್ನೆರಡು ಸಾಲಿನ ಕವಿತೆಯೊಂದು ಎರಡು ಪುಟ ಟಿಪ್ಪಣಿಯೊಡನೆ ಬಂತು: ‘ಇಲ್ಲಿ ಇರುವೆ ಎಂದರೆ ಜಾಗತೀಕರಣ.’ ಇರುವೆ ಬಹಳ ಚೆನ್ನಾಗಿತ್ತು. ಪಿನ್ನು ಕಿತ್ತು ಜಾಗತೀಕರಣವನ್ನು ವಾಪಸು ಕಳಿಸಿದ್ದೇನೆ. ಇರುವೆ ಮುಂದಿನ ಸಂಚಿಕೆಯಲ್ಲಿ ಬರುತ್ತದೆ.