ಯುಗಾದಿಗೆ ನೆಟ್ಟ ಟೊಮೆಟೊ ಹೂವಿಗೇ ನಿಲ್ಲುವುದೇಕೆ?

ಪ್ರಶ್ನೆ: ಚಿತ್ರದುರ್ಗದಲ್ಲಿ ಹೊಸ ಮನೆ ಕಟ್ಟಿಕೊಂಡಿದ್ದೇವೆ. ಹಿತ್ತಲಲ್ಲಿ 20 ಅಡಿಗೆ 30 ಅಡಿ ಜಾಗ, ಕೆಮ್ಮಣ್ಣು, ಬೋರ್‌ವೆಲ್ ನೀರು. ಹೋದ ವರ್ಷ ಯುಗಾದಿ ಹೊತ್ತಿಗೆ ಟೊಮೆಟೊ, ಬೀನ್ಸ್, ಕೊತ್ತಂಬರಿ, ಅವರೆ ಹಾಕಿದ್ವಿ. ಟೊಮೆಟೊ ಹೂವೆಲ್ಲ ಉದುರಿತು, ಕೊತ್ತಂಬರಿ ಮೊಳೆಯಲೇ ಇಲ್ಲ, ಅವರೆ ಬಳ್ಳಿ ಕಾಂಪೌಂಡ್ ತುಂಬ ಹಬ್ಬಿತು, ಒಂದು ಕಾಯಿ ಇಲ್ಲ. ವಸಂತಕ್ಕೆ ಇವೇ ಸರಿ ಅಂತ ಒಂದು ವಿಡಿಯೋದಲ್ಲಿ ನೋಡಿದ್ದೆ. ಈ ಸಲ ಏನು ಹಾಕಲಿ ಸರ್?

ಉತ್ತರ: ನಿಮ್ಮ ಕೈಗುಣಕ್ಕೇನೂ ಆಗಿಲ್ಲಮ್ಮ. ಆ ವಿಡಿಯೋ ಮಾಡಿದವರ ವಸಂತ ಬೇರೆ, ದುರ್ಗದ ವಸಂತ ಬೇರೆ. ಹಿಮ ಬೀಳುವ ದೇಶದವರಿಗೆ ವಸಂತ ಅಂದರೆ ಚಳಿ ಮುಗಿದು ಹಿತವಾದ ಬಿಸಿಲು ಶುರುವಾಗುವ ಕಾಲ. ನಮಗೆ ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೋದರೆ ಯುಗಾದಿಗೆ ಬೇವು ಚಿಗುರುವಷ್ಟರಲ್ಲಿ ನೆತ್ತಿ ಸುಡುತ್ತಿರುತ್ತದೆ.

ಅದಕ್ಕೇ ನಾನು ಯಾರಾದರೂ ‘ಈ ತಿಂಗಳು ಏನು ಬಿತ್ತಲಿ’ ಅಂದರೆ ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: ಅದು ಹೂ ಬಿಡುವ ಹೊತ್ತಿಗೆ ಬಿಸಿಲು ಹೇಗಿರುತ್ತದೆ? ಬೀಜ ಮೊಳೆಯುವುದು, ಎಲೆ ಬಿಡುವುದು ದೊಡ್ಡ ಮಾತಲ್ಲ. ಗಿಡ ಸೋಲುವುದು ಹೂವಿನಲ್ಲಿ. ಯುಗಾದಿಗೆ ನೆಟ್ಟ ಟೊಮೆಟೊ ಸಸಿ ಹೂ ತುಂಬಿಕೊಳ್ಳುವುದು ಏಪ್ರಿಲ್ ಕೊನೆ, ಮೇ ಮೊದಲಿಗೆ. ಆಗ ಹಗಲು 36–38 ಡಿಗ್ರಿ, ರಾತ್ರಿಯೂ ಸೆಕೆ. ಹಗಲು 35 ದಾಟಿ ರಾತ್ರಿಯೂ ತಂಪಾಗದಿದ್ದರೆ ಟೊಮೆಟೊ ಪರಾಗ ಕೆಡುತ್ತದೆ, ಹೂವು ತೊಟ್ಟಿನ ಗಂಟಿನಲ್ಲೇ ಹಳದಿಯಾಗಿ ಕಳಚಿಕೊಳ್ಳುತ್ತದೆ. ಎಷ್ಟು ಗೊಬ್ಬರ ಸುರಿದರೂ ಅಷ್ಟೇ. ಮೇಲಿಂದ ಬಿಳಿ ನೊಣದ ಕಾಲ, ಎಲೆ ಮುದುಡು ರೋಗ ಬಿಡುವುದಿಲ್ಲ. ಟೊಮೆಟೊ ಬೇಕೇ ಬೇಕಾದರೆ ಏಪ್ರಿಲ್ ಕೊನೆಯಲ್ಲಿ ನೆರಳಲ್ಲಿ ಸಸಿ ಮಾಡಿಕೊಂಡು ಮೇ ಕೊನೆಯ ರೋಹಿಣಿ ಮಳೆಗೆ ನೆಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಎಲೆ ಮುದುಡು ರೋಗವನ್ನು ಒಂದು ಮಟ್ಟಿಗೆ ತಡೆಯುತ್ತದೆ.

ಬೀನ್ಸ್ ವಿಷಯದಲ್ಲಿ ನಾನೂ ಪಾಠ ಕಲಿತವನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಓದಿದ್ದೆಲ್ಲ ತಲೆಯಲ್ಲಿದ್ದರೂ, ಮಾರ್ಚ್‌ನಲ್ಲಿ ಮನೆ ಹಿಂದೆ ನಾಲ್ಕು ಸಾಲು ಹಾಕಿದ್ದೆ. ಬೆಳಿಗ್ಗೆ ಎದ್ದರೆ ಸಾಲಿನ ಬುಡದಲ್ಲಿ ಬಿಳಿ ಹೂವಿನ ಹಾಸಿಗೆ. ನಮ್ಮ ತಾಯಿ ‘ಪೂಜೆಗಾದರೂ ಆಯ್ತು ಬಿಡು’ ಅಂದಿದ್ದರು. ಬೀನ್ಸ್‌ಗೆ ಉಪ್ಪು ನೀರೂ ಆಗದು. ನಿಮ್ಮ ಬಕೆಟ್ ಒಳಗೆ, ನಲ್ಲಿ ಬಾಯಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ನೀರು ಗಡಸು ಅಂತ ಅರ್ಥ. ಒಮ್ಮೆ ಪರೀಕ್ಷೆ ಮಾಡಿಸಿ, ಉಪ್ಪಿನಂಶ ಜಾಸ್ತಿ ಇದ್ದರೆ ಬೀನ್ಸ್ ಆಸೆ ಬಿಟ್ಟುಬಿಡಿ. ಪಾಲಕ್, ಬೀಟ್‌ರೂಟ್ ಆ ನೀರನ್ನು ತಡೆದುಕೊಳ್ಳುತ್ತವೆ, ಆದರೆ ಅವು ಚಳಿಗಾಲಕ್ಕೆ.

ಅವರೆಯದು ಸೆಕೆಯ ಸಮಸ್ಯೆಯೇ ಅಲ್ಲ, ಹಗಲಿನ ಉದ್ದದ್ದು. ನಾಟಿ ಅವರೆ ಹೂ ಬಿಡುವುದು ಹಗಲು ಗಿಡ್ಡವಾದಾಗ. ಮಾರ್ಚ್‌ನಲ್ಲಿ ಬಿತ್ತಿದರೆ ಎಂಟು ತಿಂಗಳು ಬರೀ ಬಳ್ಳಿ ಸಾಕಬೇಕು. ಅದನ್ನು ಮುಂಗಾರಿಗೆ ಹಾಕಿದರೆ ಸೊಗಡು ಬರುವ ಹೊತ್ತಿಗೆ ಸರಿಯಾಗಿ ಕಾಯಿ.

ಹಾಗಾದರೆ ಏನು ಹಾಕಬೇಕು? ಬೆಂಡೆ, ಮೊದಲ ಮಾತೇ ಬೆಂಡೆ. ಅದಕ್ಕೆ ಸೆಕೆ ಅಂದರೆ ಪ್ರೀತಿ. ಮಣ್ಣು ಬೆಚ್ಚಗಿಲ್ಲದಿದ್ದರೆ ಬೀಜ ಮೊಳೆಯುವುದೇ ಇಲ್ಲ. ರಾತ್ರಿ ನೆನೆಹಾಕಿ, ಸಾಲಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದಡಿ ಊರಿ. ಶಿವರಾತ್ರಿಗೆ ಊರಿದರೆ 45–50 ದಿನಕ್ಕೆ ಕಾಯಿ. ಆಮೇಲೆ ದಿನ ಬಿಟ್ಟು ದಿನ ಕೊಯ್ಯಲೇಬೇಕು, ಮೂರನೇ ದಿನಕ್ಕೆ ನಾರು. ಎಲೆಯ ನರ ಹಳದಿಯಾದ ಗಿಡ ಕಂಡರೆ ಕನಿಕರ ಬೇಡ, ಕಿತ್ತು ಹಾಕಿ. ಆ ರೋಗ ತಡೆಯುತ್ತದೆಂದು ಹೆಸರಾಗಿದ್ದ ಅರ್ಕಾ ಅನಾಮಿಕ ತಳಿಗೂ ಈಗೀಗ ಬರುತ್ತಿದೆ.

ಬೆಂಡೆಯ ಪಕ್ಕ ಗೋರಿಕಾಯಿ. ದಾವಣಗೆರೆ ಕಡೆಯವರ ಚೌಳಿಕಾಯಿ ಅದೇ. ಇಷ್ಟು ಮಾತು ಕೇಳುವ ಗಿಡ ಇನ್ನೊಂದಿಲ್ಲ: ನೀರು ಕಮ್ಮಿ, ಉಪ್ಪು ನೀರಾದರೂ ಸರಿ. ಪಲ್ಯ ಅಂದರೆ ಮಕ್ಕಳು ಮುಖ ಸಿಂಡರಿಸುತ್ತಾರೆ, ಅದಕ್ಕೆ ನನ್ನಲ್ಲಿ ಔಷಧಿ ಇಲ್ಲ. ತರಕಾರಿ ಅಲಸಂದೆ, ದಂಟು, ಬಸಳೆ ಕೂಡ ನಡೆಯುತ್ತವೆ. ಕೊತ್ತಂಬರಿ ಮಾತ್ರ ಬೆಳಗಿನ ಬಿಸಿಲಷ್ಟೇ ಬೀಳುವ ಕಡೆ, ಬೀಜವನ್ನು ಎರಡು ಹೋಳು ಮಾಡಿ ನೆನೆಸಿ ಹಾಕಿ. ಬಂದಷ್ಟು ಬಂತು.

ಬುಡಕ್ಕೆ ಮುಚ್ಚಿಗೆ ಮರೆಯಬೇಡಿ. ಚಳ್ಳಕೆರೆ ಕಡೆ ಯಾರಾದರೂ ಇದ್ದರೆ ಶೇಂಗಾ ಸಿಪ್ಪೆ ತರಿಸಿಕೊಳ್ಳಿ. ಗೆದ್ದಲು ಇರುವ ಜಾಗವಾದರೆ ಬೇಡ.

ಪ್ರಶ್ನೆ: ದಾವಣಗೆರೆ ವಿದ್ಯಾನಗರದಲ್ಲಿ ನಮ್ಮದು ಎರೆ ಮಣ್ಣು. ಕುಂಬಳ, ಹೀರೆ ಹಾಕಿದ್ದೇನೆ. ಹೂವೇನೋ ರಾಶಿ, ಕಾಯಿ ನಾಲ್ಕೈದು, ಅವೂ ಬೆರಳುದ್ದಕ್ಕೆ ಕೊಳೆತು ಬೀಳುತ್ತವೆ.

ಉತ್ತರ: ರಾಶಿ ಬಿಟ್ಟಿರುವುದು ಗಂಡು ಹೂವು. ಸೆಕೆ ಏರಿದಂತೆ, ಹಗಲು ಉದ್ದವಾದಂತೆ ಈ ಬಳ್ಳಿಗಳು ಗಂಡು ಹೂವನ್ನೇ ಜಾಸ್ತಿ ಬಿಡುತ್ತವೆ. ಅದಕ್ಕೇ ಮುಂದಿನ ಸಲ ಜನವರಿ ಕೊನೆಗೇ ಬೀಜ ಊರಿ, ಬಿರುಬಿಸಿಲಿಗೆ ಮೊದಲೇ ಒಂದಿಷ್ಟು ಕಾಯಿ ಕಟ್ಟಿಕೊಂಡಿರಲಿ.

ಪರಾಗ ಸಿಗದ ಮರಿಕಾಯಿ ಹೀಗೇ ಕೊಳೆತು ಬೀಳುತ್ತದೆ, ಸದ್ಯಕ್ಕೆ ಕೈಯಲ್ಲೇ ಪರಾಗ ಮುಟ್ಟಿಸಿ. ಹೆಣ್ಣು ಹೂವಿನ ಎಸಳಿನ ಕೆಳಗೆ ಗೋಲಿಯಷ್ಟು ಮರಿಕಾಯಿ ಇರುತ್ತದೆ. ಗಂಡು ಹೂವಿಗೆ ಬರೀ ಉದ್ದ ತೊಟ್ಟು. ಗಂಡು ಹೂವು ಕಿತ್ತು, ಎಸಳು ಹರಿದು, ನಡುವಿನ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಕುಂಬಳಕ್ಕೆ ಈ ಕೆಲಸ ಬೆಳಿಗ್ಗೆ ಎಂಟರೊಳಗೆ. ಹೀರೆ ಅರಳುವುದು ಸಂಜೆ, ಅದಕ್ಕೆ ಬೆಳಿಗ್ಗೆ ಹೋದರೆ ಬಾಡಿದ ಹೂವಷ್ಟೇ ಸಿಗುತ್ತದೆ. ಸಂಜೆ ಐದೂವರೆ–ಆರಕ್ಕೆ, ವಾಕಿಂಗ್ ಹೊರಡುವ ಮೊದಲು ಮಾಡಿಬಿಡಿ.

ಎರೆ ಮಣ್ಣು ನೀರು ಹಿಡಿಯುತ್ತದೆ ನಿಜ, ಆದರೆ ಒಣಗಿ ಬಿರುಕು ಬಿಟ್ಟರೆ ಎಳೆ ಬೇರು ಹರಿಯುತ್ತದೆ. ಬಿರುಕು ಕಾಣುವವರೆಗೆ ಕಾಯದೆ ನೀರು ಕೊಡಿ, ಮೇಲೆ ಭತ್ತದ ಹುಲ್ಲು ಹಾಸಿ. ಭದ್ರಾ ನಾಲೆ ಸೀಮೆಯಲ್ಲಿ ಹುಲ್ಲಿಗೇನು ಬರವೇ?

ಪ್ರಶ್ನೆ: ಚನ್ನಗಿರಿ ಹತ್ತಿರ ನಮ್ಮದು ಅಡಿಕೆ ತೋಟ. ಮರಗಳ ನಡುವೆ ಬೇಸಿಗೆ ತರಕಾರಿ ಮಾಡಬಹುದಾ?

ಉತ್ತರ: ದುರ್ಗದವರು ನೆರಳಿಗೆ ಬಲೆ ಕಟ್ಟುತ್ತಾರೆ, ನಿಮಗೆ ಅದು ಪುಕ್ಕಟೆ. ಆದರೆ ತುಂಬಿದ ತೋಟದಲ್ಲಿ ಬೆಂಡೆ, ಗೋರಿಕಾಯಿ ಬರೀ ಉದ್ದಕ್ಕೆ ಏಳುತ್ತವೆ. ಬಸಳೆ, ಕೆಸು, ಸುವರ್ಣಗೆಡ್ಡೆ ಸಾಕು. ಉಳಿದಿದ್ದನ್ನು ತೋಟದ ಅಂಚಿಗೆ, ಪೂರ್ವದ ಬಿಸಿಲು ಬೀಳುವ ಕಡೆ ಇಟ್ಟುಕೊಳ್ಳಿ.

ಪ್ರಶ್ನೆ: ಜಗಳೂರು ತಾಲ್ಲೂಕಿನ ಹಳ್ಳಿ ನಮ್ಮದು. ವಾರಕ್ಕೊಮ್ಮೆ ಟ್ಯಾಂಕರ್ ನೀರು. ಈ ಬೇಸಿಗೆಗೆ ಸುಲಭವಾಗಿ ಬರೋ ತರಕಾರಿ ಯಾವುದು?

ಉತ್ತರ: ಯಾವುದೂ ಹಾಕಬೇಡಿ. ಬೇಜಾರು ಮಾಡಿಕೊಳ್ಳಬೇಡಿ, ಕುಡಿಯುವ ನೀರನ್ನು ಬೆಂಡೆಗೆ ಹಾಕಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಪಾತ್ರೆ ತೊಳೆದ ನೀರಿದ್ದರೆ ಎರಡು ಪಾಲಿಥಿನ್ ಚೀಲದಲ್ಲಿ ನುಗ್ಗೆ ಬೀಜ ಹಾಕಿಡಿ. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿ ಬೇಗ ಕಾಯಿಗೆ ಬರುತ್ತದೆ. ಜೂನ್‌ನಲ್ಲಿ ಗುಂಡಿಗೆ ಇಳಿಸಿದರೆ ಸೊಪ್ಪಂತೂ ಗ್ಯಾರಂಟಿ. ಗುಂಡಿಯನ್ನು ಈಗಲೇ ತೋಡಿ, ತಿಪ್ಪೆ ಗೊಬ್ಬರ ತುಂಬಿ ಬಿಸಿಲಿಗೆ ಬಿಡಿ. ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟುತ್ತದೆ. ಒಂದು ಹದ ಮಳೆ ಬಿದ್ದರೆ ಅದೇ ವಾರ ಗೋರಿಕಾಯಿ, ಅಲಸಂದೆ ಬೀಜ ಊರಿಬಿಡಿ. ಬೀಜ ಮಾತ್ರ ಈಗಲೇ ತಂದಿಟ್ಟುಕೊಳ್ಳಿ, ಮಳೆ ಬಿದ್ದ ಮಾರನೇ ದಿನ ಅಂಗಡಿ ಮುಂದೆ ಎಲ್ಲರೂ ನಿಂತಿರುತ್ತಾರೆ.