ಮಗಳಿಗೆ ಪಿಸಿಎಂಬಿ ಕೊಡಿಸಲೋ, ಕಾಮರ್ಸ್ ಕೊಡಿಸಲೋ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಎಸ್ಸೆಸ್ಸೆಲ್ಸಿಯಲ್ಲಿ ಮಗಳಿಗೆ 625ಕ್ಕೆ 556 ಬಂದಿದೆ. ಬೆಂಗಳೂರಿನ ನಿಮ್ಮ ಭಾವ "ಪಿಸಿಎಂಬಿ ಹಾಕಿಬಿಡಿ, ಡಾಕ್ಟರು, ಎಂಜಿನಿಯರು ಎರಡೂ ಕೈಯಲ್ಲಿರುತ್ತದೆ" ಎನ್ನುತ್ತಾರೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕೂ ಸೇರಿದ್ದೇ ಪಿಸಿಎಂಬಿ. ನಿಮಗೆ ಕಾಮರ್ಸ್ ಸಾಕೆನಿಸುತ್ತದೆ. ಮಗಳು "ನೀವು ಹೇಳಿದ ಹಾಗೆ" ಎಂದು ಸುಮ್ಮನಾಗುತ್ತಾಳೆ. ಮುಂದೆ ಕೆಲಸ ಸಿಗುವುದು ಯಾವುದಕ್ಕೆ ಎಂಬುದು ನಿಮ್ಮ ಪ್ರಶ್ನೆ.

ನಾನು ಒಂದು ತಾಲ್ಲೂಕು ಕೇಂದ್ರದ ಪಿಯು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತೇನೆ. ಪ್ರವೇಶದ ದಿನಗಳಲ್ಲಿ ಅರ್ಜಿ ನೋಡುವ ಮೇಜಿನ ಹಿಂದೆ ಕೂರುವ ಪಾಳಿಯೂ ನನ್ನದೇ. ಕಾಮರ್ಸ್ ಮೇಷ್ಟರ ಮಾತು ಎಂದು ರೂಪಾಯಿಗೆ ನಾಲ್ಕಾಣೆ ಮುರಿದುಕೊಂಡೇ ಮುಂದೆ ಓದಿ.

ಮೊದಲು ಅಂಕಪಟ್ಟಿ. ನೀವು ಬರೆದಿರುವ ಪ್ರಕಾರ ಕನ್ನಡ 123, ಇಂಗ್ಲಿಷ್ 90, ಹಿಂದಿ 98, ಸಮಾಜ 96, ವಿಜ್ಞಾನ 78, ಗಣಿತ 71. ಒಟ್ಟು ಶೇಕಡ 89 ಎಂದಾಗ ನೆಂಟರು ಬೆನ್ನು ತಟ್ಟುತ್ತಾರೆ. ಆದರೆ ಮೂರು ಭಾಷೆಗಳಲ್ಲೇ 325ಕ್ಕೆ 311 ಬಂದಿದೆ. ಗಣಿತ, ವಿಜ್ಞಾನ ಎರಡನ್ನೇ ಕೂಡಿದರೆ 200ಕ್ಕೆ 149. ಪಿಯುಸಿಯ ಆರು ವಿಷಯಗಳಲ್ಲಿ ಭಾಷೆ ಎರಡೇ. ಪಿಸಿಎಂಬಿ ತೆಗೆದುಕೊಂಡರೆ ಉಳಿದ ನಾಲ್ಕೂ ಆಕೆ ಈಗ ಎಪ್ಪತ್ತರ ಆಸುಪಾಸಿನಲ್ಲಿರುವ ಕಡೆಯವು. ದಡ್ಡಿ ಎಂದು ನಾನು ಹೇಳುತ್ತಿಲ್ಲ. ಎಪ್ಪತ್ತೊಂದರಿಂದ ಹೊರಟು ಚೆನ್ನಾಗಿ ಮಾಡಿದವರನ್ನು ನೋಡಿದ್ದೇನೆ. ಅವರೆಲ್ಲ ಗಣಿತವನ್ನು ಬೈಯುತ್ತಲೇ ಅದರ ಮುಂದೆ ಕೂರುತ್ತಿದ್ದವರು.

"ಎರಡೂ ಕೈಯಲ್ಲಿರುತ್ತದೆ" ಎಂಬ ಭಾವನವರ ಮಾತು ಅರ್ಧ ನಿಜ. ವಿಜ್ಞಾನ ಓದಿದವರು ಆಮೇಲೆ ಬಿ.ಕಾಂ.ಗೆ ಬರಬಹುದು, ಚಾರ್ಟರ್ಡ್ ಅಕೌಂಟೆಂಟ್ ಆಗುವ ಮೊದಲ ಮೆಟ್ಟಿಲಾದ ಸಿಎ ಫೌಂಡೇಶನ್ ಪರೀಕ್ಷೆಯನ್ನೂ ಬರೆಯಬಹುದು. ಕಾಮರ್ಸ್ ಓದಿದವರು ಎಂಬಿಬಿಎಸ್ ಕಡೆಗೆ ತಿರುಗಲಾರರು. ಇನ್ನರ್ಧವನ್ನು ಯಾರೂ ಹೇಳುವುದಿಲ್ಲ. ನಮ್ಮ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ತೂಕ ಸಿಇಟಿ ಅಂಕದ್ದು, ಇನ್ನರ್ಧ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕದ್ದು. ವೈದ್ಯಕೀಯಕ್ಕೆ ನೀಟ್‌ನ 720 ಅಂಕಗಳೇ ಸರ್ವಸ್ವ. ಅದರಲ್ಲಿ ಗಣಿತದ ಸುಳಿವೇ ಇಲ್ಲ. ಎರಡು ಪರೀಕ್ಷೆ, ಎರಡು ಬಗೆಯ ಓದು, ಜೊತೆಗೆ ವಾರವಿಡೀ ಲ್ಯಾಬ್ ರೆಕಾರ್ಡು. ಎರಡು ದೋಣಿಯಲ್ಲಿ ಕಾಲಿಟ್ಟು ನಿಂತ ಮಕ್ಕಳು ಡಿಸೆಂಬರ್ ಹೊತ್ತಿಗೆ ಹೇಗಿರುತ್ತಾರೆ ಎಂಬುದನ್ನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡುವವನು ನಾನು.

ನಾನೂ ಅಂಥವನೇ. ಹಳ್ಳಿಯ ಕನ್ನಡ ಶಾಲೆಯಿಂದ ಬಂದವನನ್ನು ಸೋದರಮಾವ ಪಿಸಿಎಂಬಿಗೆ ಸೇರಿಸಿದರು. ಭೌತಶಾಸ್ತ್ರದ ಮೇಷ್ಟರು ಬೋರ್ಡಿನ ಮೇಲೆ ಬಾಣದ ಗುರುತು ಎಳೆದು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದರು. ಬಾಣ ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಕೊನೆಗೆ ಬಂದದ್ದು 31. ಒಂದು ವರ್ಷ ತೋಟದಲ್ಲಿ ನೀರು ಕಟ್ಟಿ, ಮತ್ತೆ ಬರೆದು, ಬಿ.ಕಾಂ. ಸೇರಿದೆ. ಈಗಿನವರಿಗೆ ವಾರ್ಷಿಕ ಪರೀಕ್ಷೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತದೆ, ಅಷ್ಟರ ಮಟ್ಟಿಗೆ ಪುಣ್ಯವಂತರು.

ಕೆಲಸದ ಮಾತಿಗೆ ಬಂದರೆ, ಐದಾರು ವರ್ಷದ ಆಚೆ ಯಾವುದಕ್ಕೆ ಬೆಲೆ ಎಂದು ಖಡಾಖಂಡಿತ ಹೇಳುವವರನ್ನು ನಂಬಬೇಡಿ. ಒಂದು ಕಾಲದಲ್ಲಿ ಟಿಸಿಎಚ್ ಎಂಬ ಶಿಕ್ಷಕರ ತರಬೇತಿ ಮಾಡಿದರೆ ಬದುಕು ಭದ್ರ ಎನ್ನುತ್ತಿದ್ದರು, ಆಮೇಲೆ ಅದೇ ತರಬೇತಿಯ ಡಿ.ಇಡಿ. ಕಾಲೇಜುಗಳು ಒಂದೊಂದಾಗಿ ಬೀಗ ಹಾಕಿಕೊಂಡವು. ಈಗಲೇ ತಿಳಿಯಬಹುದಾದದ್ದು ಯಾವ ವಿಷಯ ಬಿಟ್ಟರೆ ಯಾವ ದಾರಿ ಮುಚ್ಚುತ್ತದೆ ಎಂಬುದು ಮಾತ್ರ. ಜೀವಶಾಸ್ತ್ರ ಬಿಟ್ಟರೆ ಎಂಬಿಬಿಎಸ್, ಬಿ.ಎಸ್ಸಿ. ನರ್ಸಿಂಗ್ ಹೋಯಿತು. ಗಣಿತ ಬಿಟ್ಟರೆ ಎಂಜಿನಿಯರಿಂಗ್, ಆರ್ಕಿಟೆಕ್ಚರ್, ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಮೂಲಕ ವಾಯುಪಡೆ, ನೌಕಾಪಡೆ ಎಲ್ಲ ಹೋದವು. ಐದು ವರ್ಷದ ಕಾನೂನು ಪದವಿ, ಸಿಎ, ಪದವಿ ಮುಗಿಸಿ ಬರೆಯುವ ಕೆಎಎಸ್, ಯುಪಿಎಸ್‌ಸಿ ಪರೀಕ್ಷೆಗಳು ಯಾವ ಕಾಂಬಿನೇಷನ್ ಎಂದು ಕೇಳುವುದಿಲ್ಲ. ಸಮಾಜದಲ್ಲಿ 96, ಕನ್ನಡದಲ್ಲಿ 123 ತೆಗೆದ ಹುಡುಗಿಗೆ ಕಲಾ ವಿಭಾಗದ ಹೆಸರನ್ನೇ ನಿಮ್ಮ ಮನೆಯಲ್ಲಿ ಯಾರೂ ಎತ್ತಿಲ್ಲ, ಅದೊಂದು ನನಗೆ ಕೊರೆಯುತ್ತಿದೆ.

ಕಾಮರ್ಸ್ ಎಂದರೆ ಗಣಿತದಿಂದ ಬಿಡುಗಡೆ ಎಂದೂ ತಿಳಿಯಬೇಡಿ. ಸಿಎ ಫೌಂಡೇಶನ್ನಿನ ನಾಲ್ಕು ಪತ್ರಿಕೆಗಳಲ್ಲಿ ಒಂದು ಪೂರ್ತಿ ವ್ಯವಹಾರ ಗಣಿತ, ತರ್ಕ, ಸಂಖ್ಯಾಶಾಸ್ತ್ರ. ತಪ್ಪು ಉತ್ತರಕ್ಕೆ ಅಂಕವನ್ನೂ ಕಳೆಯುತ್ತಾರೆ. ಆ ಆಸೆಯಿದ್ದರೆ ಇತಿಹಾಸವಿರುವ ಎಚ್‌ಇಬಿಎಗಿಂತ ಸಂಖ್ಯಾಶಾಸ್ತ್ರವಿರುವ ಎಸ್‌ಇಬಿಎ ಒಳ್ಳೆಯದು.

ಹಾಗಾದರೆ ಏನು ಮಾಡುವುದು? ಫಲಿತಾಂಶಕ್ಕೂ ಕಾಲೇಜು ಶುರುವಾಗುವುದಕ್ಕೂ ನಡುವೆ ಸಿಗುವ ದಿನಗಳನ್ನು ಟಿವಿಗೆ ಬಿಡಬೇಡಿ. ಬೀದಿಯಲ್ಲಿ ಪಿಯುಸಿ ಮುಗಿಸಿದ ಯಾರಾದರೂ ಇದ್ದೇ ಇರುತ್ತಾರೆ. ಪ್ರಥಮ ಪಿಯುಸಿಯ ಭೌತಶಾಸ್ತ್ರ, ಲೆಕ್ಕಶಾಸ್ತ್ರ, ರಾಜ್ಯಶಾಸ್ತ್ರದ ಹಳೆಯ ಪುಸ್ತಕಗಳನ್ನು ಕೇಳಿ ತನ್ನಿ. ಒಂದೊಂದರ ಮೊದಲ ಎರಡು ಅಧ್ಯಾಯ ಓದಲಿ. ಕೊನೆಯಲ್ಲಿರುವ ಅಭ್ಯಾಸವನ್ನು ಬರೆಯಲಿ, ತಪ್ಪಾದರೂ ಚಿಂತೆಯಿಲ್ಲ. ನೀವು ಪಾಠ ಕೇಳಲು ಹೋಗಬೇಡಿ, ಊಟಕ್ಕೆ ಕರೆದಾಗ "ಇದೊಂದು ಮುಗಿಸಿ ಬಂದೆ" ಎಂದು ಯಾವ ಪುಸ್ತಕದ ಮುಂದೆ ಹೇಳುತ್ತಾಳೆ ಎಂದಷ್ಟೇ ನೋಡಿ. ಕಳೆದ ವರ್ಷ ಒಬ್ಬ ತಂದೆ ನನ್ನ ಮೇಜಿನ ಮುಂದೆ ಅರ್ಜಿ ತುಂಬುತ್ತಿದ್ದರು. ಕಾಂಬಿನೇಷನ್ ಎಂಬ ಜಾಗಕ್ಕೆ ಬಂದಾಗ ಹುಡುಗಿ ಅವರ ಕೈಯಿಂದ ಪೆನ್ನನ್ನು ಮೆಲ್ಲಗೆ ತೆಗೆದುಕೊಂಡು, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಇರುವ ಕಲಾ ವಿಭಾಗದ ಎಚ್‌ಇಪಿಎಸ್ ಎಂದು ತಾನೇ ಬರೆದಳು. ತಂದೆ ನನ್ನ ಮುಖ ನೋಡಿದರು. ನಾನು ಸೀಲು ಹುಡುಕುವವನಂತೆ ತಲೆ ತಗ್ಗಿಸಿದೆ.

ಕೊನೆಗೊಂದು ಸಣ್ಣ ಕೆಲಸ: ಕಾಲೇಜಿಗೆ ಹೋಗಿ, ನಿಮಗೆ ಬೇಕಾದ ವಿಷಯಕ್ಕೆ ಕಾಯಂ ಉಪನ್ಯಾಸಕರು ಇದ್ದಾರೆಯೇ ಎಂದು ಕೇಳಿ. ಎಸ್‌ಇಬಿಎ ಇದೆ ಎಂದು ಬೋರ್ಡಿನಲ್ಲಿ ಬರೆದು, ಸಂಖ್ಯಾಶಾಸ್ತ್ರಕ್ಕೆ ದೀಪಾವಳಿಯವರೆಗೂ ಅತಿಥಿ ಉಪನ್ಯಾಸಕರ ದಾರಿ ಕಾಯುವ ಕಾಲೇಜುಗಳೂ ಇವೆ.